ಮಗನ ದಾನದಲ್ಲಿ ತಾಯಿಯ ಪಾಲೆಷ್ಟು?

ಮಗ ತಂದ ಸುದ್ದಿಗೆ ಅಪ್ಪ ಅಮ್ಮ ಇಬ್ಬರೂ ಒಂದೊಂದು ರೀತಿ ಉತ್ತರ ಕೊಟ್ಟರು. ನಿನಗೇನು ಹುಚ್ಚು ಹಿಡಿದಿದೆಯೇ ಎಂದು ಅಮ್ಮ ರೇಗಿದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ಯಾವಾಗ? ಇದು ನಡೆದದ್ದು 1979ರಲ್ಲಿ, ಕೆನಡಾದ ಪಶ್ಚಿಮ ಕರಾವಳಿಗೆ ಹತ್ತಿರವಿರುವ ಪೋರ್ಟ್ ಕೊಕ್ವಿಟ್ಲಂ ಎಂಬ ಊರಿನಲ್ಲಿ. ಅಪ್ಪ ರೋಲಿ ಫಾಕ್ಸ್ ರೈಲ್ವೆ ನೌಕರರು. ಅಮ್ಮ ಬೆಟ್ಟಿ ಫಾಕ್ಸ್ ಅಂಗಡಿಯೊಂದರಲ್ಲಿ ದುಡಿಯುತ್ತಲೇ ನಾಲ್ಕು ಮಕ್ಕಳನ್ನು ಬೆಳೆಸಿದವರು. ಇಪ್ಪತ್ತೊಂದು ವಯಸ್ಸಿನ ಮಗ ಟೆರಿ ಹೇಳಿದ್ದು ಇಷ್ಟು: ದೇಶದ ಪೂರ್ವ ತುದಿಯಿಂದ ಪಶ್ಚಿಮ ತುದಿಯವರೆಗೆ ಓಡುತ್ತೇನೆ, ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತೇನೆ. ಅವನಿಗೆ ಇದ್ದದ್ದು ಒಂದೇ ಕಾಲು.

1977ರ ಮಾರ್ಚ್‌ನಲ್ಲಿ, ಬಲಮಂಡಿಯ ನೋವು ತಾಳಲಾರದೆ ಆಸ್ಪತ್ರೆಗೆ ಹೋದ ಹುಡುಗನಿಗೆ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಇದೆಯೆಂದು ಗೊತ್ತಾಯಿತು. ಕೆಲವೇ ದಿನಗಳಲ್ಲಿ ಮಂಡಿಯಿಂದ ಸುಮಾರು 15 ಸೆಂಟಿಮೀಟರ್ ಮೇಲಕ್ಕೆ ಕಾಲು ತೆಗೆದರು. ಆಮೇಲೆ ಹದಿನಾರು ತಿಂಗಳು ಕೀಮೋ. ಬದುಕುವ ಸಾಧ್ಯತೆ ನೂರಕ್ಕೆ ಐವತ್ತು ಎಂದು ವೈದ್ಯರು ಹೇಳಿದರು. ಎರಡು ವರ್ಷ ಮೊದಲು ಈ ಕಾಯಿಲೆ ಬಂದಿದ್ದರೆ ನೂರಕ್ಕೆ ಹದಿನೈದು ಇರುತ್ತಿತ್ತು ಎಂದೂ ಹೇಳಿದರು. ಆ ಎರಡು ವರ್ಷಗಳಲ್ಲಿ ಯಾರೋ ಪ್ರಯೋಗಾಲಯದಲ್ಲಿ ದುಡಿದಿದ್ದರು, ಯಾರೋ ಹಣ ಕೊಟ್ಟಿದ್ದರು, ತನಗಿಂತ ಮೊದಲು ಅದೇ ಹಾಸಿಗೆಯಲ್ಲಿ ಮಲಗಿದ್ದ ಯಾರೋ ಹೊಸ ಔಷಧಿಗೆ ಮೈಯೊಡ್ಡಿದ್ದರು. ಆ ಜನರ ಹೆಸರು ಟೆರಿಗೆ ಗೊತ್ತಿರಲಿಲ್ಲ. ಆದರೆ ಅವರಿಗೆ ತಾನು ಋಣಿ ಎಂಬುದು ಅವನ ಮನಸ್ಸಿನಲ್ಲಿ ಊರಿತು. ಚಿಕಿತ್ಸೆಯ ವಾರ್ಡಿನಲ್ಲಿ ಕಂಡ ಮಕ್ಕಳ ಮುಖಗಳನ್ನು ಹಿಂದೆ ಬಿಟ್ಟು ತಾನೊಬ್ಬ ಮನೆಗೆ ಹೋಗಿ ಸುಮ್ಮನಿರುವುದು ಅವನಿಂದ ಆಗಲಿಲ್ಲ.

1980ರ ಏಪ್ರಿಲ್ 12ರಂದು ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್‌ನಲ್ಲಿ ಕೃತಕ ಕಾಲನ್ನು ಅಟ್ಲಾಂಟಿಕ್ ಸಾಗರದ ನೀರಿಗೆ ಅದ್ದಿ ಅವನು ಓಟ ಶುರುಮಾಡಿದ. ಹಿಂದೆ ಒಂದು ವ್ಯಾನು, ಅದನ್ನು ಓಡಿಸಲು ಗೆಳೆಯ ಡಗ್ ಆಲ್ವರ್ಡ್. ದಿನಕ್ಕೆ ಸುಮಾರು 42 ಕಿಲೋಮೀಟರ್, ಅಂದರೆ ಪ್ರತಿದಿನ ಒಂದು ಮ್ಯಾರಥಾನ್. ಈ ಓಟದ ಹಳೆಯ ಚಿತ್ರಗಳನ್ನು ನೋಡಿದವರು ಅವನ ಹೆಜ್ಜೆಯನ್ನು ಮರೆಯಲಾರರು. ಒಳ್ಳೆಯ ಕಾಲಿನ ಮೇಲೆ ಎರಡು ಬಾರಿ ಕುಪ್ಪಳಿಸಬೇಕು. ಅಷ್ಟು ಹೊತ್ತಿಗೆ ಕೃತಕ ಕಾಲು ಮುಂದಕ್ಕೆ ತೂಗಿಕೊಂಡು ಬಂದು ನೆಲ ಮುಟ್ಟುತ್ತದೆ. ಅದರ ಮೇಲೆ ಒಂದು ಹೆಜ್ಜೆ. ಮತ್ತೆ ಎರಡು ಕುಪ್ಪಳಿಕೆ. ಆಗಿನ ಕೃತಕ ಕಾಲು ಓಡುವುದಕ್ಕೆಂದು ಮಾಡಿದ್ದಲ್ಲ. ಕತ್ತರಿಸಿದ ತುದಿ ತಿಕ್ಕಿ ತಿಕ್ಕಿ ಹುಣ್ಣಾಗುತ್ತಿತ್ತು, ರಕ್ತ ಬರುತ್ತಿತ್ತು. ಹಾಗೆಯೇ 143 ದಿನ, 5,373 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿಗೆ ಹೋಗಿ, ವಾಪಸ್ ಬಂದು, ಮತ್ತೆ ಅರ್ಧ ದಾರಿ ಹೋದಷ್ಟು ದೂರ.

ಈ ಕಥೆಯನ್ನು ಜಗತ್ತು ಸಾವಿರ ಸಲ ಹೇಳಿದೆ, ಆದರೆ ಸಾಮಾನ್ಯವಾಗಿ ಓಡಿದವನ ಕಡೆಯಿಂದ. ಅವನನ್ನು ದೂರದಿಂದ ಹಿಂಬಾಲಿಸಿದ ಇಬ್ಬರ ಕಡೆಯಿಂದ ನೋಡಿದರೆ ಧರ್ಮದ ಬಹು ಹಳೆಯ ಪ್ರಶ್ನೆಯೊಂದು ಏಳುತ್ತದೆ. ಬೆಳೆದ ಮಗನೋ ಮಗಳೋ ತನ್ನ ಮೈಯನ್ನೇ ಪರರಿಗಾಗಿ ತೆರಲು ಹೊರಟಾಗ, ಆ ಮೈಯನ್ನು ಹೆತ್ತು ಸಾಕಿದವರಿಗೆ ಅದರಲ್ಲಿ ಏನು ಮಾತಿದೆ? ಟೆರಿಯ ಮೈಯಂತೂ ಎರಡು ಸಲ ಸಾಕಿದ್ದು. ಮೊದಲು ಹೆತ್ತಾಗ, ಮತ್ತೆ ಕೀಮೋದಲ್ಲಿ ಬಾಡಿಹೋದಾಗ. ಕ್ಯಾನ್ಸರಿನ ಬಾಯಿಂದ ತಪ್ಪಿಸಿಕೊಂಡು ಬಂದ ಆ ದೇಹವನ್ನು ಹೆದ್ದಾರಿಯ ಮೇಲೆ ಸವೆಸುತ್ತೇನೆ ಎಂದರೆ ಬೆಟ್ಟಿಗೆ ಕೋಪ ಬಂದದ್ದರಲ್ಲಿ ಏನು ತಪ್ಪು?

ಬ್ರಾಹ್ಮಣ ಮೂರು ಋಣಗಳನ್ನು ಹೊತ್ತೇ ಹುಟ್ಟುತ್ತಾನೆ ಎಂದು ತೈತ್ತಿರೀಯ ಸಂಹಿತೆ ಹೇಳುತ್ತದೆ: ಋಷಿಗಳದು, ದೇವತೆಗಳದು, ಪಿತೃಗಳದು. ಜ್ಞಾನವನ್ನು ಕಂಡು ಕೊಟ್ಟವರ ಸಾಲ ಮೊದಲನೆಯದು. ಆ ಲೆಕ್ಕವನ್ನು ಎಲ್ಲರಿಗೂ ಹಿಗ್ಗಿಸಿದರೆ ಟೆರಿ ತೀರಿಸಹೊರಟದ್ದು ಋಷಿಋಣವನ್ನೇ, ಅವನ ಪಾಲಿನ ಋಷಿಗಳು ಬಿಳಿ ಕೋಟು ತೊಟ್ಟ ಅಪರಿಚಿತರು ಅಷ್ಟೆ. ತೊಡಕು ಇರುವುದು ಎರಡು ಋಣಗಳು ಒಂದೇ ದೇಹದ ಮೇಲೆ ಹಕ್ಕು ಕೇಳಿದಾಗ. ಹೆಸರೇ ತಿಳಿಯದವರ ಸಾಲವನ್ನು ಹೆತ್ತವರ ಸಂಕಟದಿಂದ ತೀರಿಸಬಹುದೇ?

ಇಂಥದ್ದೇ ಪ್ರಶ್ನೆಯನ್ನು ಮೀಮಾಂಸಕರು ತಲೆಕೆಳಗಾಗಿ ಕೇಳಿದ್ದಾರೆ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನ ತನ್ನ ಸರ್ವಸ್ವವನ್ನೂ ದಾನ ಮಾಡಬೇಕು. ಸರ್ವಸ್ವ ಅಂದಮೇಲೆ ತಂದೆ ತಾಯಿ ಮೊದಲಾದ ತನ್ನವರೂ ಅದರಲ್ಲಿ ಬರುತ್ತಾರೆಯೇ? ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದನ್ನು ಚರ್ಚೆಗೆ ಎತ್ತಿಕೊಂಡು, ಬರುವುದಿಲ್ಲ ಎಂದು ತೀರ್ಮಾನಿಸಲಾಗಿದೆ. ಯಾವುದರ ಮೇಲೆ ಒಡೆತನವಿದೆಯೋ ಅದನ್ನು ಮಾತ್ರ ಕೊಡಲು ಸಾಧ್ಯ. ಬಂಧುಗಳ ಮೇಲೆ ಯಾರಿಗೂ ಒಡೆತನವಿಲ್ಲ. ಅದರ ಬೆನ್ನಿಗೇ ಭೂಮಿಯನ್ನೂ ಕೊಡುವಂತಿಲ್ಲ, ಅದು ಎಲ್ಲರದೂ ಎಂಬ ಮಾತು ಬರುತ್ತದೆ. ಸಂಪ್ರದಾಯ ಈ ವಿಷಯದಲ್ಲಿ ಒಂದೇ ದನಿಯಲ್ಲಿ ಮಾತನಾಡಿದೆ ಎಂದಲ್ಲ. ಮಕ್ಕಳು ತಂದೆತಾಯಿಯಿಂದ ಉಂಟಾದವರಾದ್ದರಿಂದ ಅವರನ್ನು ಕೊಡುವ, ಮಾರುವ, ತ್ಯಜಿಸುವ ಅಧಿಕಾರ ಹೆತ್ತವರಿಗಿದೆ ಎಂದು ವಸಿಷ್ಠ ಧರ್ಮಸೂತ್ರ ಹೇಳುತ್ತದೆ, ಒಬ್ಬನೇ ಮಗನಿದ್ದರೆ ಕೊಡಬಾರದು ಎಂಬ ತಡೆಯನ್ನೂ ಹಾಕುತ್ತದೆ. ಎರಡರಲ್ಲಿ ಮನಸ್ಸು ಒಪ್ಪುವುದು ಮೀಮಾಂಸೆಯ ಉತ್ತರವನ್ನೇ. ಹೆತ್ತ ಮಾತ್ರಕ್ಕೆ ಮಗ ಆಸ್ತಿಯಾಗುವುದಿಲ್ಲ. ಹಾಗಾಗಿ ಬೆಟ್ಟಿಯ ಬೇಡ ಎಂಬ ಮಾತಿಗೆ ಒಡತಿಯ ಬಲವಿರಲಿಲ್ಲ.

ಹಾಗಿದ್ದರೆ ನಮ್ಮ ಕಥೆಗಳು ಹೆತ್ತವರ ಒಪ್ಪಿಗೆಯನ್ನು ಅಷ್ಟೊಂದು ಹಟ ಹಿಡಿದು ಕೇಳುವುದು ಏಕೆ? ಕಾಲಡಿಯ ಬಾಲಕ ಶಂಕರ ಸಂನ್ಯಾಸಕ್ಕೆ ಹೊರಡಬೇಕಾದರೆ ತಾಯಿ ಆರ್ಯಾಂಬೆ ಹೂಂ ಅನ್ನಲೇಬೇಕಿತ್ತು. ಪೂರ್ಣಾ ನದಿಯಲ್ಲಿ ಮೊಸಳೆ ಕಾಲು ಹಿಡಿದಾಗ, ಬೇರೆ ದಾರಿ ಕಾಣದೆ ಆಕೆ ಹೂಂ ಅಂದಳು ಎಂಬ ಐತಿಹ್ಯವನ್ನು ಶೃಂಗೇರಿಯ ಸೀಮೆಯಲ್ಲಿ ಮಕ್ಕಳೂ ಬಲ್ಲರು. ಅದಕ್ಕಿಂತ ಆಳಕ್ಕೆ ಹೋಗುವುದು ಬೌದ್ಧರ ವಿನಯಪಿಟಕದ ಮಹಾವಗ್ಗದಲ್ಲಿರುವ ಒಂದು ಪ್ರಸಂಗ. ಬುದ್ಧನ ಪುಟ್ಟ ಮಗ ರಾಹುಲನಿಗೂ ದೀಕ್ಷೆಯಾಯಿತು ಎಂದು ತಿಳಿದಾಗ ಬುದ್ಧನ ತಂದೆ, ಮುದುಕ ಶುದ್ಧೋದನ, ಅವನ ಎದುರು ಬಂದು ನಿಲ್ಲುತ್ತಾನೆ. ನೀನು ಹೊರಟಾಗ ನೋವಾಯಿತು, ನಿನ್ನ ತಮ್ಮ ನಂದ ಹೊರಟಾಗಲೂ ಆಯಿತು, ರಾಹುಲ ಹೊರಟದ್ದಂತೂ ತಾಳಲಾಗದು, ಮಕ್ಕಳ ಮೇಲಿನ ಪ್ರೀತಿ ಚರ್ಮ, ಮಾಂಸ, ನರ, ಮೂಳೆಗಳನ್ನೆಲ್ಲ ಸೀಳಿ ಮಜ್ಜೆಯಲ್ಲಿ ಹೋಗಿ ನಿಲ್ಲುತ್ತದೆ ಎಂಬ ಅರ್ಥದ ಮಾತಾಡುತ್ತಾನೆ. ಇನ್ನು ಮುಂದೆ ತಂದೆತಾಯಿಯ ಅನುಮತಿಯಿಲ್ಲದೆ ಯಾರ ಮಕ್ಕಳಿಗೂ ದೀಕ್ಷೆ ಕೊಡಬೇಡ ಎಂದು ಬೇಡುತ್ತಾನೆ. ಮೋಹ ಬಿಡು ಎಂದು ಬುದ್ಧ ಉಪದೇಶ ಮಾಡಲಿಲ್ಲ. ಅಪ್ಪನ ಮಾತನ್ನು ಒಪ್ಪಿ ಅದನ್ನೇ ಸಂಘದ ನಿಯಮ ಮಾಡಿದ. ತಂದೆತಾಯಿಯ ಅನುಮತಿ ಇದೆಯೇ ಎಂದು ಇಂದಿಗೂ ಉಪಸಂಪದೆಯ, ಅಂದರೆ ಪೂರ್ಣ ದೀಕ್ಷೆಯ, ಹೊತ್ತಿಗೆ ಕೇಳುತ್ತಾರೆ.

ಶುದ್ಧೋದನ ಕೇಳಿದ್ದು ಮಾಲೀಕನ ಹಕ್ಕನ್ನಲ್ಲ. ಈ ತ್ಯಾಗದ ನೋವು ನನ್ನ ಮೈಮೇಲೂ ಬೀಳುತ್ತದೆ, ಅದನ್ನು ನನಗೆ ಮೊದಲೇ ತಿಳಿಸು, ಅಷ್ಟಾದರೂ ಆಗಲಿ ಎಂಬುದು ಅವನ ಬೇಡಿಕೆ. ನಚಿಕೇತ ಸಹ ಇದನ್ನು ಬಲ್ಲವನೇ. ತಂದೆ ಸಿಟ್ಟಿನಲ್ಲಿ ಮೃತ್ಯುವಿಗೆ ಕೊಟ್ಟೆ ಎಂದು ಆಡಿದ ಮಾತನ್ನು ಹಿಡಿದು ಯಮನ ಮನೆಗೆ ಹೋದ ಆ ಹುಡುಗ, ಮೂರು ವರಗಳಲ್ಲಿ ಮೊದಲನೆಯದನ್ನು ತಂದೆಗಾಗಿಯೇ ಕೇಳುತ್ತಾನೆ: ಅಪ್ಪನ ಸಿಟ್ಟು ಇಳಿಯಲಿ, ಮನಸ್ಸು ತಿಳಿಯಾಗಲಿ, ನಾನು ತಿರುಗಿ ಹೋದಾಗ ಗುರುತು ಹಿಡಿದು ಮಾತಾಡಿಸಲಿ. ಆತ್ಮವಿದ್ಯೆಯ ಪ್ರಶ್ನೆಗೆ ಸರದಿ ಬರುವುದು ಮೂರನೆಯದಾಗಿ. ಕಠೋಪನಿಷತ್ತನ್ನು ಓದುವವರು ಆ ಮೂರನೆಯ ವರಕ್ಕೆ ಧಾವಿಸುವ ಭರದಲ್ಲಿ ಮೊದಲನೆಯದನ್ನು ಪೀಠಿಕೆಯೆಂದು ದಾಟಿಬಿಡುತ್ತಾರೆ. ಹಾಗೆ ದಾಟಬಾರದು.

ಟೆರಿ ಮಾತ್ರ ಹೆತ್ತವರಿಂದ ಹಲವು ಸಂಗತಿಗಳನ್ನು ಮುಚ್ಚಿಟ್ಟ. ವ್ಯಾಂಕೂವರ್ ಮ್ಯಾರಥಾನ್‌ಗೆ ತಯಾರಿ ಎಂದು ಹೇಳಿಕೊಂಡು ಅಭ್ಯಾಸ ಶುರುಮಾಡಿದ. ನಿಜವಾದ ಗುರಿ ಅಮ್ಮನಿಗೆ ತಿಳಿದದ್ದು ಆಮೇಲೆ. ಹೊರಡುವ ಮುನ್ನ ಹೃದಯದ ಎಡ ಕೋಣೆ ದೊಡ್ಡದಾಗಿದೆ ಎಂದು ಗೊತ್ತಾಗಿದ್ದರೂ ನಿಲ್ಲಲಿಲ್ಲ. ದಾರಿಯಲ್ಲಿ ವೈದ್ಯರ ತಪಾಸಣೆಯನ್ನು ತಪ್ಪಿಸಿಕೊಂಡೇ ಬಂದ. ಮಧ್ಯೆ ಡಗ್ ಮತ್ತು ಅವನ ನಡುವೆ ಮಾತೇ ನಿಂತುಹೋಗುವಷ್ಟು ಮನಸ್ತಾಪವಾಗಿ, ಹದಿನೇಳು ವರ್ಷದ ತಮ್ಮ ಡ್ಯಾರೆಲ್ ಬಂದು ವ್ಯಾನು ಸೇರಿಕೊಂಡ. ಮನೆಯವರ ಒಂದು ಕಣ್ಣು ಕೊನೆಗೂ ಓಟದ ಜೊತೆಗೆ ಇದ್ದಂತಾಯಿತು. ಆದರೆ ಆ ಕಣ್ಣಿಗೂ ಎಲ್ಲವೂ ಕಾಣುತ್ತಿರಲಿಲ್ಲ.

ಏಳನೆಯ ಶತಮಾನದ ದೊರೆ ಹರ್ಷ ಬರೆದ ‘ನಾಗಾನಂದ’ ನಾಟಕದ ಕೊನೆಯ ಅಂಕವನ್ನು ಇಲ್ಲಿ ನೆನೆಯದೆ ಇರಲಾಗದು. ಗರುಡನಿಗೆ ಆಹಾರವಾಗಿ ಹೋಗಬೇಕಿದ್ದ ಶಂಖಚೂಡನೆಂಬ ನಾಗನ ಬದಲಿಗೆ ವಿದ್ಯಾಧರ ರಾಜಕುಮಾರ ಜೀಮೂತವಾಹನ ಬಂಡೆಯ ಮೇಲೆ ಮಲಗುತ್ತಾನೆ. ಗರುಡ ಅವನನ್ನು ಎತ್ತಿಕೊಂಡು ಹೋಗುವಾಗ ತಲೆಯ ಚೂಡಾಮಣಿ ಕಳಚಿ ಮುದಿ ತಂದೆತಾಯಿಯ ಬಳಿ ಬೀಳುತ್ತದೆ. ಅವರು ಸೊಸೆಯನ್ನೂ ಕರೆದುಕೊಂಡು ಹುಡುಕುತ್ತ ಮಲಯ ಪರ್ವತದ ಮೇಲಕ್ಕೆ ಬರುತ್ತಾರೆ. ಮೈಯೆಲ್ಲ ಕಿತ್ತುಹೋಗಿದ್ದರೂ ಜೀಮೂತವಾಹನನಿಗೆ ಇನ್ನೂ ಜೀವವಿದೆ. ಅವರು ಬರುವುದನ್ನು ಕಂಡು ಅವನು ಶಂಖಚೂಡನಿಗೆ ಹೇಳುವುದು ಒಂದೇ: ನನ್ನ ಮೇಲೆ ಉತ್ತರೀಯ ಹೊದಿಸು, ಇಲ್ಲದಿದ್ದರೆ ಹೀಗೆ ಥಟ್ಟನೆ ನೋಡಿ ಅವರ ಪ್ರಾಣ ಹೋದೀತು. ಪರರಿಗೆ ಮೈಯನ್ನೇ ಕೊಟ್ಟವನಿಗೆ ಅಮ್ಮನ ಎದುರು ಗಾಯ ತೋರಿಸಲು ಆಗುವುದಿಲ್ಲ. ಪರೋಪಕಾರದ ನಾಟಕವೆಂದು ಹೆಸರಾದ ಕೃತಿಯಲ್ಲಿ ಇದಕ್ಕಿಂತ ಮನುಷ್ಯಸಹಜವಾದ ಗಳಿಗೆ ಇನ್ನೊಂದಿಲ್ಲ.

ಈ ಮುಚ್ಚುವಿಕೆ ಪ್ರೀತಿಯಿಂದಲೇ ಬಂದದ್ದು. ಆದರೂ ಅದರಲ್ಲಿ ಒಂದು ಅನ್ಯಾಯವಿದೆ. ಹಿಂದೆ ಬರುತ್ತಿರುವವರಿಗೆ ದಾರಿಯ ಒಂದು ಭಾಗವನ್ನು ಅದು ಇಲ್ಲವಾಗಿಸುತ್ತದೆ. ಮಗ ನೋಯುತ್ತಿದ್ದಾನೆ ಎಂದು ತಿಳಿಯದ ತಾಯಿ ಅಷ್ಟು ದಿನ ಯಾವ ಮಗನನ್ನು ಮನಸ್ಸಿನಲ್ಲಿ ಹಿಂಬಾಲಿಸಿದಳು?

1980ರ ಬೇಸಿಗೆಯಲ್ಲಿ ಟೆರಿ ಆಂಟಾರಿಯೋ ಪ್ರಾಂತ್ಯಕ್ಕೆ ಕಾಲಿಡುವ ಹೊತ್ತಿಗೆ ದೇಶವೇ ಎದ್ದು ನಿಂತಿತ್ತು. ಜುಲೈ 11ರಂದು ಟೊರಾಂಟೋದ ನೇಥನ್ ಫಿಲಿಪ್ಸ್ ಚೌಕದಲ್ಲಿ ಹತ್ತು ಸಾವಿರ ಜನ ಸೇರಿದ್ದರು. ಟೆರೇಸ್ ಬೇ ಎಂಬಲ್ಲಿ, ಅದೇ ಕಾಯಿಲೆಯಿಂದ ಕಾಲು ಕಳೆದುಕೊಂಡಿದ್ದ ಹತ್ತು ವರ್ಷದ ಹುಡುಗನೊಬ್ಬ ಅವನ ಜೊತೆಗೆ ಸೈಕಲ್ ತುಳಿದ. ಸೆಪ್ಟೆಂಬರ್ 1ರಂದು, ಥಂಡರ್ ಬೇ ನಗರದ ಹೊರಗೆ, ಕೆಮ್ಮು ಮತ್ತು ಎದೆನೋವು ಮಿತಿಮೀರಿತು. ರಸ್ತೆಯ ಬದಿಯಲ್ಲಿ ನಿಂತು ಕೂಗುತ್ತಿದ್ದ ಜನ ಮುಗಿಯುವವರೆಗೂ ಅವನು ಓಡಿದ. ಆಮೇಲೆ ವ್ಯಾನು ಹತ್ತಿ, ಆಸ್ಪತ್ರೆಗೆ ಬಿಡು ಎಂದು ಡಗ್‌ಗೆ ಹೇಳಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು.

ಬೆಟ್ಟಿ ಮತ್ತು ರೋಲಿ ವಿಮಾನ ಹತ್ತಿ ಥಂಡರ್ ಬೇಗೆ ಬಂದರು. ಅಲ್ಲಿ ಅಪ್ಪನಿಗೂ ಮಗನಿಗೂ ನಡೆದ ಒಂದು ಸಣ್ಣ ಮಾತುಕತೆ ದಾಖಲಾಗಿದೆ. ಇದು ಅನ್ಯಾಯ, ತುಂಬಾ ಅನ್ಯಾಯ ಎಂದರು ರೋಲಿ. ಮಗ ಒಪ್ಪಲಿಲ್ಲ. ಅನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಇದು ಎಷ್ಟೋ ಜನರಿಗೆ ಆಗುತ್ತಲೇ ಇರುತ್ತದೆ, ನಾನೇನೂ ವಿಶೇಷದವನಲ್ಲ, ಇದರಿಂದ ನಾನು ಮಾಡಿದ್ದಕ್ಕೆ ಇನ್ನಷ್ಟು ಅರ್ಥ ಬರುತ್ತದೆ ಎಂಬುದು ಅವನ ಉತ್ತರದ ಸಾರ.

ಇಬ್ಬರಲ್ಲಿ ಯಾರು ಸರಿ? ಪ್ರವಚನಕಾರರಾದರೆ ತಡಮಾಡದೆ ಮಗನ ಕಡೆಗೆ ವಾಲಿ, ಅಪ್ಪನಿಗೆ ಇನ್ನೂ ಮೋಹ ಹರಿದಿಲ್ಲ ಎನ್ನುತ್ತಾರೆ. ಪೂರ್ವಜನ್ಮದ ಕರ್ಮ ಎಂದು ಕೈ ತೊಳೆದುಕೊಳ್ಳುವವರು ಎಲ್ಲ ಊರಿನಲ್ಲೂ ಸಿಗುತ್ತಾರೆ. ಹಾಸಿಗೆಯ ಪಕ್ಕದಲ್ಲಿ ನಿಂತ ತಂದೆಗೆ ಆ ಮಾತು ಹೇಳುವುದು ಕ್ರೌರ್ಯ. ಬೈಬಲ್ಲಿನ ಯೋಬನ ಕಥೆ ಇದನ್ನು ಚೆನ್ನಾಗಿ ಅರಿತಿದೆ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತ ಯೋಬ, ಇದು ನ್ಯಾಯವಲ್ಲ ಎಂದು ದೇವರ ವಿರುದ್ಧವೇ ದನಿಯೆತ್ತುತ್ತಾನೆ. ಮೂವರು ಸ್ನೇಹಿತರು ಬಂದು, ನಿನ್ನ ಪಾಪಕ್ಕೆ ತಕ್ಕ ಫಲ ಎಂದು ದೇವರ ಪರವಾಗಿ ವಾದಿಸುತ್ತಾರೆ. ಕೊನೆಯಲ್ಲಿ ದೇವರು ಸಿಟ್ಟಾಗುವುದು ಆ ಸ್ನೇಹಿತರ ಮೇಲೆ. ಸರಿಯಾಗಿ ಮಾತಾಡಿದವನು ಯೋಬನೇ ಎನ್ನುತ್ತಾನೆ.

ಥಂಡರ್ ಬೇಯ ಆ ಇಬ್ಬರೂ ಸರಿ. ತನ್ನ ನೋವನ್ನು ಅನ್ಯಾಯವಲ್ಲ ಎನ್ನುವ ಅಧಿಕಾರ ನೋಯುವವನೊಬ್ಬನಿಗೇ ಇರುವುದು. ಅದೇ ಮಾತನ್ನು ಪಕ್ಕದಲ್ಲಿ ನಿಂತವರು ಅವನ ಪರವಾಗಿ ಆಡಿದರೆ ಅದು ವೈರಾಗ್ಯವೂ ಅಲ್ಲ, ಭಕ್ತಿಯೂ ಅಲ್ಲ. ತ್ಯಾಗವೆಂಬುದು ‘ನಾನು’ ಎಂದು ಹೇಳಿ ಮಾಡಬಹುದಾದದ್ದು. ‘ಅವನು’ ಎಂದು ಹೇಳಿ ಯಾರೂ ಯಾರ ತ್ಯಾಗವನ್ನೂ ಮಾಡಲಾಗದು. ಸಾವು ಬದುಕಿನ ಲೆಕ್ಕವನ್ನು ಮಗ ಸಮಾಧಾನದಿಂದ ಮುಗಿಸಿಕೊಂಡ ಎಂದ ಮಾತ್ರಕ್ಕೆ ಅಪ್ಪನೂ ಮುಗಿಸಿಕೊಳ್ಳಬೇಕೆಂದಿಲ್ಲ. ಅಪ್ಪ ಅನ್ಯಾಯವೆಂದು ಹೇಳಲೇಬೇಕಿತ್ತು. ಮಗ ಎಷ್ಟು ದೊಡ್ಡದನ್ನು ಬಿಟ್ಟುಕೊಟ್ಟ ಎಂಬುದಕ್ಕೆ ಆ ಮಾತೇ ಸಾಕ್ಷಿ.

ನಮ್ಮ ವೇದಿಕೆಗಳಲ್ಲಿ ಕೇಳಿಬರುವ ಒಂದು ಹೊಗಳಿಕೆಯನ್ನು ಇಲ್ಲಿ ಪ್ರಶ್ನಿಸಲೇಬೇಕು. ದೇಶಕ್ಕಾಗಿ, ಸಮಾಜಕ್ಕಾಗಿ ಪ್ರಾಣ ತೆತ್ತವರ ತಾಯಂದಿರನ್ನು ಕರೆತಂದು, ಶಾಲು ಹೊದಿಸಿ, ಮಗನನ್ನೇ ಧಾರೆಯೆರೆದ ಮಹಾತಾಯಿ ಎನ್ನುತ್ತೇವೆ. ಆಕೆ ಏನನ್ನೂ ಧಾರೆಯೆರೆದಿರುವುದಿಲ್ಲ. ಕೊಟ್ಟವನು ಮಗ, ಆಕೆಯಿಂದ ಹೋಯಿತು, ಅಷ್ಟೆ. ಹೋದದ್ದನ್ನು ಕೊಟ್ಟದ್ದು ಎಂದು ಕರೆದ ಕೂಡಲೇ ಆಕೆಗೆ ಅಳುವ ಹಕ್ಕೂ ಹೋಗುತ್ತದೆ. ದಾನಿಯಾದವಳು ದಾನ ಮಾಡಿದ ಮೇಲೆ ಅಳುವಂತಿಲ್ಲವಲ್ಲ. ಒಡೆತನವಿಲ್ಲದ್ದನ್ನು ದಾನ ಕೊಡಲಾಗದು ಎಂಬ ಮೀಮಾಂಸೆಯ ಒಣ ತರ್ಕ ಇಲ್ಲಿ ತಾಯಿಯ ಪರವಾಗಿ ನಿಲ್ಲುತ್ತದೆ.

ಟೆರಿ 1981ರ ಜೂನ್ 28ರಂದು ತೀರಿಕೊಂಡ. ಇಪ್ಪತ್ತಮೂರು ತುಂಬಲು ಒಂದು ತಿಂಗಳು ಬಾಕಿಯಿತ್ತು. ಪ್ರತಿ ಕೆನಡಿಯನ್ನನಿಂದ ಒಂದು ಡಾಲರ್ ಸಿಗಲಿ ಎಂಬುದು ಅವನ ಆಸೆಯಾಗಿತ್ತು. ಅವನು ಬದುಕಿದ್ದಾಗಲೇ, ಆ ಫೆಬ್ರವರಿಯಲ್ಲೇ, ದೇಶದ ಜನಸಂಖ್ಯೆಗೆ ಸಮನಾಗಿ 2.4 ಕೋಟಿ ಡಾಲರ್ ದಾಟಿತ್ತು.

ಬೆಟ್ಟಿ ನಿಜವಾಗಿ ಕೊಟ್ಟದ್ದು ಶುರುವಾಗುವುದು ಇಲ್ಲಿಂದ. ಟೆರಿ ಆಸ್ಪತ್ರೆಯಲ್ಲಿ ಇದ್ದಾಗಲೇ, ಅವನ ಹೆಸರಿನಲ್ಲಿ ವರ್ಷ ವರ್ಷ ಓಟ ನಡೆಸೋಣ ಎಂದು ಟೆಲಿಗ್ರಾಂ ಕಳಿಸಿದವರು ಫೋರ್ ಸೀಸನ್ಸ್ ಹೋಟೆಲುಗಳ ಸ್ಥಾಪಕ ಇಸಾಡೋರ್ ಶಾರ್ಪ್. ಅವರೂ ಮಗನನ್ನು ಕ್ಯಾನ್ಸರಿಗೆ ಕಳೆದುಕೊಂಡವರೇ, 1978ರಲ್ಲಿ. ಬೇರೆಯವರ ಮಗನ ಓಟವನ್ನು ಅವರು ಯಾವ ಕಣ್ಣಿನಿಂದ ನೋಡಿದರು ಎಂಬುದನ್ನು ವಿವರಿಸಬೇಕಿಲ್ಲ. ಮೊದಲ ಟೆರಿ ಫಾಕ್ಸ್ ಓಟ 1981ರ ಸೆಪ್ಟೆಂಬರ್ 13ರಂದು ನಡೆಯಿತು; ಮೂರು ಲಕ್ಷ ಜನ ಬಂದರು. ಆ ಓಟದ ಕಾವಲು ಬೆಟ್ಟಿಯ ಪಾಲಿಗೆ ಬಂತು, ಅಥವಾ ಅವರೇ ಅದನ್ನು ಹೆಗಲಿಗೆ ಏರಿಸಿಕೊಂಡರು. ಟೆರಿ ತನ್ನ ಓಟದಲ್ಲಿ ಯಾವ ಕಂಪನಿಯ ಜಾಹೀರಾತನ್ನೂ ಮಾಡಲು ಒಪ್ಪಿರಲಿಲ್ಲ. ಅದನ್ನೇ ಬೆಟ್ಟಿ ಕಟ್ಟುನಿಟ್ಟಾಗಿ ಹಿಡಿದರು. ಓಡಲು ಪ್ರವೇಶ ಶುಲ್ಕವಿಲ್ಲ, ಇಷ್ಟು ಹಣ ತರಲೇಬೇಕೆಂಬ ಕಡ್ಡಾಯವಿಲ್ಲ, ಗೆದ್ದವರು ಸೋತವರು ಇಲ್ಲ, ಪದಕವಿಲ್ಲ. ಓಡಬಹುದು, ನಡೆಯಬಹುದು, ಗಾಲಿಕುರ್ಚಿಯಲ್ಲಿ ಬರಬಹುದು. ಮಗನ ಹೆಸರನ್ನು ಮಾರಲು ಬಂದವರಿಗೆಲ್ಲ ಅವರು ಬಾಗಿಲು ಮುಚ್ಚಿದರು. ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳ ಮುಂದೆ ನಿಂತು, ಅದೇ ಮಗನ ಕಥೆಯನ್ನು, ಅದೇ ಸಾವಿನವರೆಗೆ, ಮತ್ತೆ ಮತ್ತೆ ಹೇಳಿದರು.

ಶರಣರ ನಾಡಿನವರಿಗೆ ಇದನ್ನು ದಾಸೋಹವೆಂದು ಗುರುತಿಸಲು ಕಷ್ಟವಾಗದು. ಕೊಡುವವಳು ನಾನು ಎಂಬ ಭಾವವಿಲ್ಲದೆ ಕೊಡುವುದು. ಹುಚ್ಚು ಎಂದು ತಡೆದಿದ್ದ ಅಮ್ಮ ಮೂವತ್ತು ವರ್ಷ ಆ ಹುಚ್ಚನ್ನು ಕಾಪಾಡಿದರು. ಮೊದಲು ಬೇಡ ಎಂದದ್ದು ತಪ್ಪೆಂದು ಇದರಿಂದ ಸಿದ್ಧವಾಗುವುದಿಲ್ಲ. ಆ ಬೇಡ ಎಂಬ ಮಾತೂ ಈ ಮೂವತ್ತು ವರ್ಷದ ದುಡಿಮೆಯೂ ಬಂದದ್ದು ಒಂದೇ ಕಡೆಯಿಂದ. ಬೆಟ್ಟಿ ಫಾಕ್ಸ್ 2011ರ ಜೂನ್ 17ರಂದು, ಮಗ ಹೋಗಿ ಮೂವತ್ತು ವರ್ಷ ತುಂಬಲು ಹನ್ನೊಂದು ದಿನ ಇರುವಾಗ ತೀರಿಕೊಂಡರು. ಈವರೆಗೆ ಆ ಓಟಗಳಿಂದ ಕೂಡಿದ ಹಣ 80 ಕೋಟಿ ಡಾಲರ್‌ಗಳಿಗೂ ಹೆಚ್ಚು. ಭಾರತದಲ್ಲೂ, ಮುಂಬೈ ಮತ್ತು ಚೆನ್ನೈಗಳಲ್ಲಿ, ಟೆರಿಯ ಹೆಸರಿನ ಓಟಗಳು ನಡೆದಿವೆ.

ಇಷ್ಟು ಕಠೋರವಲ್ಲದ ರೂಪದಲ್ಲಿ ಈ ಪ್ರಶ್ನೆ ಈಗ ನಮ್ಮ ಮನೆಗಳಿಗೂ ಬಂದಿದೆ. 2004ರಲ್ಲಿ ಮುಂಬೈ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಆರಂಭವಾದಂದಿನಿಂದ ಶಾಲೆಗೋ ಆಸ್ಪತ್ರೆಗೋ ಹಣ ಕೂಡಿಸಿ ಓಡುವುದು ಮಧ್ಯಮವರ್ಗದ ಮಕ್ಕಳಿಗೆ ರೂಢಿಯಾಗಿದೆ. ಲಂಡನ್ನಿನಲ್ಲಿ ಕೆಲಸದಲ್ಲಿರುವ ಮಗಳು ಅಲ್ಲಿನ ಮ್ಯಾರಥಾನ್ ಓಡುತ್ತಾಳೆ ಅನ್ನಿ. ಅಲ್ಲಿ ಬೆಳಗ್ಗೆ ಶುರುವಾದರೆ ಶಿವಮೊಗ್ಗದಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ. ಅಮ್ಮ ಮೊಬೈಲಿನಲ್ಲಿ ಆ್ಯಪ್ ತೆರೆದು ಕೂರುತ್ತಾರೆ. ಐದೈದು ಕಿಲೋಮೀಟರಿಗೆ ನೆಲದ ಮೇಲೆ ಹಾಸಿದ ಪಟ್ಟಿಯನ್ನು ಮಗಳ ಚಿಪ್ ದಾಟಿದಾಗ ಇಲ್ಲಿ ಒಂದು ಸಮಯ ಮೂಡುತ್ತದೆ. ಇಪ್ಪತ್ತೈದಾಯಿತು. ಮೂವತ್ತು ಬರಬೇಕು. ಬರಬೇಕಾದ ಹೊತ್ತು ಮೀರಿತು. ಇನ್ನೂ ಬಂದಿಲ್ಲ. ನೆಟ್‌ವರ್ಕ್ ಇರಬೇಕು ಎಂದು ಅಪ್ಪ ಫೋನು ಇಸಿದುಕೊಂಡು ಕಿಟಕಿಯ ಕಡೆ ಹೋಗುತ್ತಾರೆ. ಸಂಜೆ ಕರೆ ಬಂದಾಗ ಅಮ್ಮ ಕೇಳುವುದು ಸಮಯವನ್ನಲ್ಲ, ಪದಕವನ್ನಲ್ಲ. ಮಂಡಿ ಹೇಗಿದೆ ಪುಟ್ಟಾ? ಏನೂ ಆಗಿಲ್ಲಮ್ಮಾ. ಆ ಉತ್ತರವೂ ಒಂದು ಉತ್ತರೀಯವೇ.

ಹಿಂಬಾಲಿಸುವುದಕ್ಕೆ ಬೇರೆ ದಾರಿಯೂ ಇದೆ ಎಂದು ತೋರಿಸಿದವರು ಉಷಾ ಸೋಮನ್. 2016ರಲ್ಲಿ ಮಗ, ನಟ ಮಿಲಿಂದ್ ಸೋಮನ್, ಮುಂಬೈ ಕಡೆಗಿನ ಹೆದ್ದಾರಿಯಲ್ಲಿ ದೀರ್ಘ ಓಟದಲ್ಲಿದ್ದಾಗ, ಎಪ್ಪತ್ತೈದು ದಾಟಿದ ಆ ತಾಯಿ ಸೀರೆ ಉಟ್ಟುಕೊಂಡೇ, ಬರಿಗಾಲಲ್ಲಿ, ಅವರ ಪಕ್ಕದಲ್ಲಿ ಓಡಿದರು. ಎಲ್ಲರಿಂದಲೂ ಆಗುವ ಕೆಲಸವಲ್ಲ. ಆದರೆ ಅಷ್ಟು ದೂರವಾದರೂ ಅವರಿಗೆ ಮಗನ ಉಸಿರು ಕೇಳಿಸಿತು, ಯಾವ ಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತಿದೆ ಎಂಬುದು ಕಣ್ಣಿಗೆ ಕಂಡಿತು. ಶುದ್ಧೋದನ ಕೇಳಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ.

ಟೆರಿಗೆ ಬಂದಿದ್ದ ಕಾಯಿಲೆ ಇಂದಿಗೂ ಹೆಚ್ಚಾಗಿ ಹದಿಹರೆಯದವರಿಗೇ ಬರುತ್ತದೆ. ಆದರೆ ಈಗ ಹೆಚ್ಚಿನವರ ಕಾಲು ಕತ್ತರಿಸುವುದಿಲ್ಲ. ಕ್ಯಾನ್ಸರ್ ಹಿಡಿದ ಮೂಳೆಯನ್ನಷ್ಟೇ ತೆಗೆದು ಅಲ್ಲಿ ಲೋಹದ ಅಂಗ ಜೋಡಿಸಿ ಕಾಲನ್ನು ಉಳಿಸುತ್ತಾರೆ. ಹರಡುವ ಮುನ್ನ ಪತ್ತೆಯಾಗಿ, ಪೂರ್ತಿ ಚಿಕಿತ್ಸೆ ಸಿಕ್ಕರೆ ಮೂವರಲ್ಲಿ ಸುಮಾರು ಇಬ್ಬರು ಬದುಕುತ್ತಾರೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಯಚೂರು, ಕಲಬುರಗಿ, ಚಾಮರಾಜನಗರಗಳಿಂದ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಂದಿರಲ್ಲಿ ಎಷ್ಟು ಮಂದಿ ಪೋರ್ಟ್ ಕೊಕ್ವಿಟ್ಲಂ ಎಂಬ ಊರಿನ ಹೆಸರು ಕೇಳಿದ್ದಾರು? ಅವರು ವೈದ್ಯರನ್ನು ಮೊದಲು ಕೇಳುವುದು ಮಗು ಉಳಿಯುತ್ತದೆಯೇ ಎಂದು, ಎರಡನೆಯದಾಗಿ ಮತ್ತೆ ನಡೆದಾಡುತ್ತದೆಯೇ ಎಂದು. 1977ಕ್ಕಿಂತ ಒಳ್ಳೆಯ ಉತ್ತರ ಈಗ ಎರಡೂ ಪ್ರಶ್ನೆಗಳಿಗೆ ಇದೆ.